ಕರೆಂಟ್ ಬಂದಾಗ ಸಾಯುವ ಬಾಕ್ಸ್: ಲೆವೆಲ್ ಶಿಫ್ಟರ್ ಒಂದರ ಪ್ರಕರಣ

ಬೋರ್‌ವೆಲ್ ಮೋಟರನ್ನು ಮೊಬೈಲ್‌ನಿಂದ ಆನ್-ಆಫ್ ಮಾಡುವ ಒಂದು ಕಂಟ್ರೋಲರ್ ಬಾಕ್ಸ್. ತಯಾರಿಸಿದ್ದು ಒಂದು ಸಣ್ಣ ತಂಡ, ಬಳಸುತ್ತಿದ್ದವರು ಬಯಲುಸೀಮೆಯ ರೈತರು. ತಂಡದ ಹೆಸರು, ಊರು, ಮೋಡೆಮ್ ಕಂಪನಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ, ಆದರೆ ಸರ್ಕ್ಯೂಟ್ ಹೇಗೆ ಕೆಟ್ಟಿತು, ಹೇಗೆ ಸರಿಹೋಯಿತು ಅನ್ನುವುದನ್ನು ಬದಲಿಸಿಲ್ಲ. ಹೊರಗಿನಿಂದ ಡಿಸೈನ್ ನೋಡಿ ಹೇಳುವ ಕೆಲಸಕ್ಕೆ ನನ್ನನ್ನು ಕರೆದಿದ್ದರು.

ಹಿನ್ನೆಲೆ

ಪಂಪ್‌ಸೆಟ್ ಫೀಡರ್‌ಗೆ ತ್ರೀ ಫೇಸ್ ಕರೆಂಟ್ ದಿನವಿಡೀ ಇರುವುದಿಲ್ಲ. ಸರ್ಕಾರದ ಲೆಕ್ಕ ದಿನಕ್ಕೆ 7 ಗಂಟೆ. ಅದೂ ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ ಅಂತ ಬದಲಾಗುತ್ತಿರುತ್ತದೆ. ಹಾಗಾಗಿ ಬಹಳ ಜನ ಸ್ಟಾರ್ಟರನ್ನು ಆಟೋದಲ್ಲೇ ಬಿಟ್ಟಿರುತ್ತಾರೆ. ಕರೆಂಟ್ ಬಂದ ತಕ್ಷಣ ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರ್) ಕೆಳಗಿನ ಮೋಟರ್‌ಗಳೆಲ್ಲ ಒಟ್ಟಿಗೆ ಎದ್ದೇಳುತ್ತವೆ. ನೇರ ಸ್ಟಾರ್ಟರ್‌ನಲ್ಲಿ ಇಂಡಕ್ಷನ್ ಮೋಟರ್ ಶುರುವಾಗುವಾಗ ತನ್ನ ಮಾಮೂಲಿ ಲೋಡಿನ 6 ಪಟ್ಟಿನಷ್ಟು ಆಂಪಿಯರ್ ಎಳೆಯುತ್ತದೆ. ಲೈನಿನ ಕೊನೆಯಲ್ಲಿರುವ ತೋಟದಲ್ಲಿ 415 ವೋಲ್ಟ್ ಇರಬೇಕಾದ ಜಾಗದಲ್ಲಿ 300 ಸಿಕ್ಕರೆ ಪುಣ್ಯ. ಕ್ಷಣಕಾಲ 200ರ ಹತ್ತಿರಕ್ಕೂ ಇಳಿಯುತ್ತದೆ. ಸ್ಟಾರ್ಟರ್‌ನೊಳಗಿನ ಸ್ವಿಚ್ಚಾದ ಕಾಂಟ್ಯಾಕ್ಟರ್ ಕಟಕಟ ಅಂತ ಬಡಿದುಕೊಂಡರೆ ಆ ಇಳಿತ ಒಂದರ ಹಿಂದೆ ಒಂದು ಬರುತ್ತದೆ.

ಬೋರ್ಡು ಹೀಗಿತ್ತು. ಎರಡು ಫೇಸ್ ನಡುವೆ ಒಂದು ಕಬ್ಬಿಣದ ಟ್ರಾನ್ಸ್‌ಫಾರ್ಮರ್. ಅಲ್ಲಿಂದ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್, ನಂತರ ಅದನ್ನು 5 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರ್. ಆ 5 ವೋಲ್ಟಿನಿಂದ ಎರಡು ಕವಲು. ಒಂದು, 3.3 ವೋಲ್ಟಿಗೆ ಇಳಿದು ಬಾಕ್ಸಿನ ಮಿದುಳಾದ ಮೈಕ್ರೋಕಂಟ್ರೋಲರ್‌ಗೆ (ಮುಂದೆ ಕಂಟ್ರೋಲರ್ ಅಂದರೆ ಇದೇ) ಹೋಗುತ್ತದೆ. ಇನ್ನೊಂದು, 3.8 ವೋಲ್ಟಾಗಿ ಮೊಬೈಲ್ ಮೋಡೆಮ್‌ಗೆ ಹೋಗುತ್ತದೆ. ಮೋಡೆಮ್‌ನ ಸಿಗ್ನಲ್ ಪಿನ್‌ಗಳು ಕೆಲಸ ಮಾಡುವುದು 1.8 ವೋಲ್ಟ್‌ನಲ್ಲಿ. ಆ 1.8 ವೋಲ್ಟನ್ನು ಮೋಡೆಮ್ ತಾನೇ ಒಳಗೆ ತಯಾರಿಸಿ ಒಂದು ಪಿನ್ನಿನಲ್ಲಿ ಹೊರಗೆ ಕೊಡುತ್ತದೆ. ಮೋಡೆಮ್ ಆಫ್ ಆದರೆ ಅದೂ ಇಲ್ಲ. ಈ ಸಾಲನ್ನು ನೆನಪಿಡಿ, ಇಡೀ ಪ್ರಕರಣ ಇದರ ಮೇಲೆಯೇ ನಿಂತಿದೆ.

1.8 ಮತ್ತು 3.3 ನಡುವೆ, ಒಂದು ವೋಲ್ಟೇಜಿನ ಸಿಗ್ನಲನ್ನು ಇನ್ನೊಂದು ವೋಲ್ಟೇಜಿಗೆ ಬದಲಿಸುವ, 8 ಚಾನೆಲ್‌ನ ಒಂದು ಲೆವೆಲ್ ಶಿಫ್ಟರ್ ಚಿಪ್ ಇತ್ತು. ಸಿಗ್ನಲ್ ಯಾವ ಕಡೆಯಿಂದ ಬರುತ್ತಿದೆ ಎಂದು ತಾನೇ ಕಂಡುಕೊಳ್ಳುವ ಜಾತಿಯದು. ಮೋಡೆಮ್‌ಗಳ ಜೊತೆ ಬರುವ ಮಾದರಿ ಡ್ರಾಯಿಂಗ್‌ಗಳಲ್ಲಿ ಇಂಥ ಚಿಪ್ ಸಾಮಾನ್ಯ. ಅದನ್ನು ಆನ್-ಆಫ್ ಮಾಡುವ ಎನೇಬಲ್ ಪಿನ್ನನ್ನು ಮೋಡೆಮ್‌ನ 1.8 ವೋಲ್ಟಿಗೆ ಒಂದು ರೆಸಿಸ್ಟರ್ ಮೂಲಕ ಕಟ್ಟಿದ್ದರು. ಅದೂ ಸಾಮಾನ್ಯವೇ. ಮೋಡೆಮ್ ಎದ್ದರೆ ಶಿಫ್ಟರ್ ಏಳುತ್ತದೆ, ಮೋಡೆಮ್ ಮಲಗಿದರೆ ಶಿಫ್ಟರ್ ಮಲಗುತ್ತದೆ ಅನ್ನುವ ಲೆಕ್ಕ. ಮೋಡೆಮ್‌ನ್ನು ನಿದ್ದೆಯಿಂದ ಎಬ್ಬಿಸುವ ಡಿಟಿಆರ್ ಸಿಗ್ನಲ್ ಮಾತ್ರ ಈ ಚಿಪ್ಪಿನಲ್ಲಿ ಇರಲಿಲ್ಲ. ಅದು ಯಾವಾಗಲೋ ಒಮ್ಮೆ ಬದಲಾಗುವ ಸಿಗ್ನಲ್, ಇಷ್ಟಕ್ಕೆ ಚಿಪ್ ಯಾಕೆ ಅಂತ ಎರಡು ರೆಸಿಸ್ಟರ್ ಹಾಕಿ 3.3ನ್ನು 1.8ಕ್ಕೆ ಇಳಿಸಿದ್ದರು.

ದೂರು

ಬಾಕ್ಸ್ ಫೋನ್ ಎತ್ತುವುದಿಲ್ಲ. ಮಿಸ್ಡ್ ಕಾಲ್ ಕೊಟ್ಟರೆ ಸ್ವಿಚ್ಡ್ ಆಫ್ ಅಂತ ಬರುತ್ತದೆ. ತೋಟಕ್ಕೆ ಹೋಗಿ ನೋಡಿದರೆ ಬಾಕ್ಸಿನ ಎಲ್‌ಇಡಿ ಮಿನುಗುತ್ತಿರುತ್ತದೆ. ಕೈಯಲ್ಲಿ ಬಟನ್ ಒತ್ತಿದರೆ ಮೋಟರ್ ಓಡುತ್ತದೆ. ಸತ್ತಿರುವುದು ಮೋಡೆಮ್ ಕಡೆ ಮಾತ್ರ. ಮೇನ್ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಎಲ್ಲ ಸರಿ. ಸರ್ವಿಸ್ ಹುಡುಗನಿಗೆ ಒಬ್ಬ ಹಿರಿಯ ರೈತರು ಹೇಳಿದ್ದು ಇಷ್ಟು: "ಏನಪ್ಪಾ, ತೋಟಕ್ಕೆ ಹೋಗೋದು ತಪ್ಪಲಿ ಅಂತ ನಿನ್ನ ಬಾಕ್ಸ್ ತಗೊಂಡೆ. ಈಗ ಅದನ್ನ ಎಬ್ಬಿಸೋಕೆ ಅಂತ ತೋಟಕ್ಕೆ ಹೋಗ್ತಿದೀನಿ."

ತಂಡದಲ್ಲಿ ಮೊದಲು ಬಂದ ಊಹೆ ನೆಟ್‌ವರ್ಕ್. ಸಿಗ್ನಲ್ ಕಡಿಮೆ ಇರುವ ಜಾಗ, ಮೋಡೆಮ್ ಟವರ್ ಬಿಟ್ಟಿರಬೇಕು ಅಂತ. ಆದರೆ ಸರ್ವಿಸ್ ಹುಡುಗ ಬರೆದಿಟ್ಟಿದ್ದ ಸಮಯಗಳನ್ನು ನೋಡಿದಾಗ ಒಂದು ಹೊಂದಿಕೆ ಕಂಡಿತು. ಬಾಕ್ಸ್ ಸಾಯುತ್ತಿದ್ದುದು ತ್ರೀ ಫೇಸ್ ಬಂದ ಸ್ವಲ್ಪ ಹೊತ್ತಿನಲ್ಲೇ. ಟಿಸಿಗೆ ಹತ್ತಿರದ ತೋಟಗಳಲ್ಲಿ ಅಪರೂಪ, ಲೈನಿನ ಕೊನೆಯಲ್ಲಿ ಜಾಸ್ತಿ.

ಇದರ ಜೊತೆ ಇನ್ನೊಂದು ದೂರು ಸೇರಿಕೊಂಡು ದಾರಿ ತಪ್ಪಿಸಿತ್ತು. ಒಬ್ಬರ ಮೋಟರ್ ಯಾರೂ ಫೋನ್ ಮಾಡದೆ ತಾನಾಗಿ ಶುರುವಾಯಿತಂತೆ. ಇದು ನಿಜವಾದರೆ ಜೀವಕ್ಕೆ ಅಪಾಯದ ವಿಷಯ. ಮೋಟರ್ ಎತ್ತುವಾಗ ಹೀಗಾದರೆ ಏನು ಗತಿ? ಹಾಗಾಗಿ ಮೊದಲು ಅದನ್ನೇ ಹಿಡಿದು ಕೂತರು. ಕೊನೆಗೆ ನೋಡಿದರೆ ಮನೆಯವರೇ ಯಾರೋ ಬಾಕ್ಸಿನ ಸ್ವಿಚ್ಚನ್ನು ಆಟೋಗೆ ತಿರುಗಿಸಿದ್ದರು. ಶಿಫ್ಟರ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಅದನ್ನು ಮೊದಲು ನೋಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ.

ಲ್ಯಾಬ್‌ನಲ್ಲಿ ಯಾಕೆ ಸಿಗಲಿಲ್ಲ

ವೋಲ್ಟೇಜ್ ಇಳಿತದ ಪರೀಕ್ಷೆಗೆ ಐಇಸಿ 61000-4-11 ಅನ್ನುವ ಸ್ಟ್ಯಾಂಡರ್ಡ್ ಇದೆ. ಸಪ್ಲೈಯನ್ನು ದಿಢೀರನೆ 70 ಶೇಕಡಾಗೆ, 40 ಶೇಕಡಾಗೆ, ಸೊನ್ನೆಗೆ ಇಳಿಸಿ, ಇಷ್ಟು ಸೈಕಲ್ ಹಾಗೇ ಇಟ್ಟು, ಮತ್ತೆ ಏರಿಸುತ್ತಾರೆ. ಈ ಬೋರ್ಡು ಅದೇ ಮಾದರಿಯ ಪರೀಕ್ಷೆ ದಾಟಿತ್ತು. 70ರಲ್ಲಿ ಏನೂ ಆಗುವುದಿಲ್ಲ. ಸೊನ್ನೆಗೆ ಬಹಳ ಹೊತ್ತು ಇಳಿಸಿದರೆ ಎಲ್ಲವೂ ಆಫ್ ಆಗಿ, ಎಲ್ಲವೂ ಹೊಸದಾಗಿ ಏಳುತ್ತವೆ. ಎರಡೂ ಚೆನ್ನಾಗಿಯೇ ಇವೆ.

ಊರಿನ ಕರೆಂಟ್ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ. ಜಾರುತ್ತದೆ, ಸ್ವಲ್ಪ ಏರುತ್ತದೆ, ಮತ್ತೆ ಜಾರುತ್ತದೆ. ಜೊತೆಗೆ ಪರೀಕ್ಷೆಯ ಹೊತ್ತಿನಲ್ಲಿ ಮೋಡೆಮ್ ಸುಮ್ನೆ ಕೂತಿತ್ತು. ತೋಟದಲ್ಲಿ ಹಾಗಲ್ಲ. ಕರೆಂಟ್ ಬಂದ ಕೂಡಲೇ "ಕರೆಂಟ್ ಬಂದಿದೆ" ಅಂತ ಮೆಸೇಜ್ ಕಳಿಸುವುದೇ ಬಾಕ್ಸಿನ ಮೊದಲ ಕೆಲಸ. ಸಿಗ್ನಲ್ ಕಡಿಮೆ ಇರುವ ಕಡೆ ಮೋಡೆಮ್ 2ಜಿಗೆ ಇಳಿದು ಪೂರ್ತಿ ಶಕ್ತಿಯಲ್ಲಿ ಕೂಗುತ್ತದೆ. 2ಜಿಯಲ್ಲಿ ಪ್ರತಿ 4.615 ಮಿಲಿಸೆಕೆಂಡಿಗೆ ಒಮ್ಮೆ 577 ಮೈಕ್ರೋಸೆಕೆಂಡಿನ ಸರದಿ ಸಿಗುತ್ತದೆ. ಆ ಸರದಿಯಲ್ಲಿ ಮೋಡೆಮ್ 2 ಆಂಪಿಯರ್‌ವರೆಗೆ ಎಳೆಯಬಹುದು. ಅಂದರೆ ಮೇನ್ಸ್ ತೀರಾ ಕುಸಿದಿರುವ ಹೊತ್ತಿನಲ್ಲೇ ಮೋಡೆಮ್‌ನ ಹಸಿವೂ ತೀರಾ ಜಾಸ್ತಿ.

ಮೊದಲ ಎರಡು ಪ್ರಯತ್ನ

ನಾನು ಬರುವ ಮೊದಲೇ ತಂಡ ಮೋಡೆಮ್ ಸಪ್ಲೈನ ಕೆಪಾಸಿಟರನ್ನು 1000 ಮೈಕ್ರೋಫ್ಯಾರಡ್‌ನಿಂದ 2200ಕ್ಕೆ ಏರಿಸಿತ್ತು. ಯಾರಾದರೂ ಮೊದಲು ಮಾಡುವುದೇ ಅದು. ದೂರು ಕಡಿಮೆಯಾಯಿತು, ನಿಲ್ಲಲಿಲ್ಲ. ಆದರೆ ಕೆಟ್ಟ ಬಾಕ್ಸ್‌ಗಳ ನಡವಳಿಕೆ ಬದಲಾಯಿತು. ಮೊದಲು ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಏಳುತ್ತಿದ್ದವು, ಈಗ ಇನ್ನೂ ಜಾಸ್ತಿ ಹೊತ್ತು ಕಾಯಬೇಕು. ಈ ಸುಳಿವನ್ನು ಯಾರೂ ಗಮನಿಸಿರಲಿಲ್ಲ. ಕೆಪಾಸಿಟರ್ ದೊಡ್ಡದಾದರೆ ಇಳಿತ ತಡವಾಗುತ್ತದೆ ನಿಜ. ಆದರೆ ವೋಲ್ಟೇಜ್ ಅತ್ತಲೂ ಅಲ್ಲ ಇತ್ತಲೂ ಅಲ್ಲ ಅನ್ನುವ ನಡುವಿನ ಜಾಗದಲ್ಲಿ ನಿಲ್ಲುವ ಹೊತ್ತೂ ಹೆಚ್ಚುತ್ತದೆ.

ಎರಡನೆಯದು ಸಾಫ್ಟ್‌ವೇರ್. ಕಂಟ್ರೋಲರ್ ಕಳಿಸುವ ಎಟಿ ಕಮಾಂಡಿಗೆ (ಮೋಡೆಮ್‌ಗೆ ಕೊಡುವ ಆದೇಶ) ಮೋಡೆಮ್ ಉತ್ತರ ಕೊಡದಿದ್ದರೆ ಅದರ ಪವರ್-ಕೀ ಪಿನ್ನನ್ನು ಒಮ್ಮೆ ಒತ್ತಿ ಆಫ್ ಮಾಡು, ಮತ್ತೆ ಒತ್ತಿ ಆನ್ ಮಾಡು ಅಂತ ಬರೆದರು. ಇದರಿಂದ ಏನೂ ಉಪಯೋಗವಾಗಲಿಲ್ಲ. ಕೆಲವು ಕಡೆ ಇನ್ನೂ ಕೆಟ್ಟಿತು. ಯಾಕೆ ಅನ್ನುವುದು ಮುಂದೆ ಗೊತ್ತಾಯಿತು.

ತಿರುವು

ಅಲ್ಲಿಯವರೆಗೆ ಎಲ್ಲರೂ ಸ್ಕೋಪಿನಲ್ಲಿ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ಒಂದೊಂದೇ ಸಪ್ಲೈ ನೋಡುತ್ತಿದ್ದರು. 5 ವೋಲ್ಟ್ ನೋಡಿದರು, ಇಳಿದು ಏರಿತು. 3.3 ನೋಡಿದರು, ಅಲುಗಾಡಲಿಲ್ಲ. 3.8 ನೋಡಿದರು, ಕುಸಿದು ವಾಪಸ್ ಬಂತು. ಪ್ರತಿಯೊಂದಕ್ಕೂ ಸರಿಯಾದ ವಿವರಣೆ ಇತ್ತು.

ನಾನು ಕೇಳಿದ್ದು ಒಂದೇ. 3.3, 3.8, 1.8, ಜೊತೆಗೆ ಶಿಫ್ಟರ್‌ನ ಎನೇಬಲ್ ಪಿನ್, ನಾಲ್ಕನ್ನೂ ಒಂದೇ ಪರದೆಯಲ್ಲಿ ಹಾಕೋಣ. 1.8 ಇಳಿಯುವ ಕ್ಷಣದಲ್ಲೇ ಸ್ಕೋಪ್ ಚಿತ್ರ ಹಿಡಿಯುವಂತೆ ಟ್ರಿಗರ್. ಮೇನ್ಸ್ ಕಡೆ ವೋಲ್ಟೇಜನ್ನು ಬೇಕಾದಷ್ಟು ಏರಿಸಿ ಇಳಿಸುವ ಡಿಮ್ಮರ್‌ಸ್ಟ್ಯಾಟ್ ಇಟ್ಟು, ಮೋಡೆಮನ್ನು 2ಜಿಗೆ ಬಲವಂತವಾಗಿ ಇಳಿಸಿ, ಮೆಸೇಜ್ ಕಳಿಸುತ್ತಿರುವಾಗಲೇ ವೋಲ್ಟೇಜನ್ನು ನಿಧಾನ ಇಳಿಸುತ್ತಾ ಬಂದೆವು.

5 ವೋಲ್ಟಿನ ಸಪ್ಲೈ 4.1ರ ಕೆಳಗೆ ಬಂದಾಗ 3.8ರ ರೆಗ್ಯುಲೇಟರ್ ಸೋಲಲು ಶುರುವಾಯಿತು. ಪ್ರತಿ 2ಜಿ ಸರದಿಯಲ್ಲೂ ಮೋಡೆಮ್ ಸಪ್ಲೈ ಇನ್ನಷ್ಟು ಕುಸಿಯಿತು. ಈ ಮೋಡೆಮ್‌ಗೆ ಕನಿಷ್ಠ ಬೇಕಿದ್ದುದು 3.4 ವೋಲ್ಟ್. ಅದರ ಕೆಳಗೆ ಹೋದ ತಕ್ಷಣ ಮೋಡೆಮ್ ತನ್ನನ್ನು ತಾನೇ ಆಫ್ ಮಾಡಿಕೊಂಡಿತು. 1.8 ಕೆಳಗೆ ಬಿತ್ತು. ಅದೇ ಹೊತ್ತಿನಲ್ಲಿ 3.3 ವೋಲ್ಟ್ ಗೆರೆ ನೇರವಾಗಿ ನಿಂತಿತ್ತು. ಅದರ ರೆಗ್ಯುಲೇಟರ್‌ಗೆ 3.5 ಸಿಕ್ಕರೆ ಸಾಕು. ಅಂದರೆ ಮೋಡೆಮ್ ಸತ್ತು ಕಂಟ್ರೋಲರ್ ಬದುಕಿರುವ ಒಂದು ಪಟ್ಟಿ ಇದೆ. ಲ್ಯಾಬಿನ ಪರೀಕ್ಷೆ ಈ ಪಟ್ಟಿಯ ಮೇಲೊಮ್ಮೆ ನಿಂತಿತು, ಕೆಳಗೊಮ್ಮೆ ನಿಂತಿತು, ಒಳಗೆ ಯಾವತ್ತೂ ನಿಲ್ಲಲಿಲ್ಲ.

ಕಣ್ಣಿಗೆ ಬಿದ್ದ ಇನ್ನೊಂದು ವಿಷಯ, 1.8 ಸೊನ್ನೆಗೆ ಹೋಗಲೇ ಇಲ್ಲ. 0.85 ವೋಲ್ಟಿನ ಹತ್ತಿರ ಬಂದು ಹಾಗೇ ಕೂತಿತು. ಮೋಡೆಮ್ ಆಫ್ ಆಗಿದೆ, ಅದಕ್ಕೆ ಆ ವೋಲ್ಟೇಜ್ ಕೊಡುವವರು ಯಾರು? ಮೇನ್ ಸ್ವಿಚ್ ಆಫ್ ಮಾಡಿದ ಮನೆಗೆ ಪಕ್ಕದ ಮನೆಯಿಂದ ವೈರ್ ಎಳೆದ ಹಾಗೆ ಎಲ್ಲಿಂದಲೋ ಕರೆಂಟ್ ನುಗ್ಗುತ್ತಿತ್ತು.

ಹುಡುಕಲು ಕಷ್ಟವಾಗಲಿಲ್ಲ. ಡಿಟಿಆರ್‌ನ ಆ ಎರಡು ರೆಸಿಸ್ಟರ್‌ಗಳಲ್ಲಿ 3.3 ಕಡೆಯದ್ದನ್ನು ಕಿತ್ತು ನೋಡಿದೆವು. 1.8ರ ಸಪ್ಲೈ ಸುಮಾರು 0.3ಕ್ಕೆ ಇಳಿಯಿತು. ಕಂಟ್ರೋಲರ್ ಮೋಡೆಮ್‌ಗೆ ಮಾತು ಕಳಿಸುವ ಟಿಎಕ್ಸ್ ಪಿನ್ನನ್ನೂ ಕೆಳಗೆ ಎಳೆದಾಗ ಸೊನ್ನೆಯಾಯಿತು. ಸೀರಿಯಲ್ ಲೈನ್ ಸುಮ್ನಿರುವಾಗ ಮೇಲಿನ ಲೆವೆಲ್‌ನಲ್ಲೇ ಇರುತ್ತದೆ ಅಲ್ವಾ? ಬದುಕಿರುವ ಕಂಟ್ರೋಲರ್ ಆ ಪಿನ್ನಿನಲ್ಲಿ ಸದಾ 3.3 ಕೊಡುತ್ತಲೇ ಇರುತ್ತದೆ. ರೆಸಿಸ್ಟರ್ ಜೋಡಿಯೂ ಅಷ್ಟೇ, ಅದಕ್ಕೆ ಆಫ್ ಅನ್ನುವ ಸ್ಥಿತಿಯೇ ಇಲ್ಲ. ಆ ಕರೆಂಟ್ ಮೋಡೆಮ್ ಪಿನ್ನಿನ ಒಳಗಿರುವ ರಕ್ಷಣೆಯ ಡಯೋಡ್ ಮೂಲಕ 1.8ರ ಸಪ್ಲೈಗೆ ಹತ್ತುತ್ತದೆ. ನೂರು ಮೈಕ್ರೋಆಂಪಿಯರ್ ಆಸುಪಾಸು ಇರಬಹುದು. ಆಫ್ ಆದ ಚಿಪ್ಪಿನ ಸಪ್ಲೈಯನ್ನು ಅರ್ಧಕ್ಕೆ ಎತ್ತಿ ಹಿಡಿಯಲು ಅಷ್ಟು ಸಾಕು.

ಈಗ ಎನೇಬಲ್ ಪಿನ್ ನೋಡಿ. ಅದನ್ನು ಕಟ್ಟಿದ್ದು ಇದೇ 1.8ಕ್ಕೆ. ಆ ಪಿನ್ ಹೈ ಅಥವಾ ಲೋ ಅಂತ ಚಿಪ್ ತೀರ್ಮಾನಿಸುವುದೂ ಇದೇ 1.8ರ ಶೇಕಡಾ ಲೆಕ್ಕದಲ್ಲಿ. 65 ಶೇಕಡಾಗಿಂತ ಮೇಲಿದ್ದರೆ ಹೈ, 35ಕ್ಕಿಂತ ಕೆಳಗಿದ್ದರೆ ಲೋ. ಸಪ್ಲೈ 1.8 ಇರಲಿ, 1.2 ಇರಲಿ, 0.85 ಇರಲಿ, ಪಿನ್ ಅದರ 100 ಶೇಕಡಾದಲ್ಲೇ ಇರುತ್ತದೆ. ಹಾಗಾಗಿ ಸಪ್ಲೈ ಜಾರುವಾಗ ಆಫ್ ಆಗು ಅಂತ ಚಿಪ್ಪಿಗೆ ಯಾರೂ ಹೇಳುವುದೇ ಇಲ್ಲ. ಇದು ನನಗೆ ಈ ಪ್ರಕರಣದ ತಿರುಳು. ತನ್ನ ಸಪ್ಲೈ ಸರಿಯಿದೆಯೇ ಎಂದು ಅದೇ ಸಪ್ಲೈಯಿಂದ ಕೇಳುವ ಎನೇಬಲ್, ಏರಿಳಿತದ ಹೊತ್ತಿನಲ್ಲಿ ಇದ್ದೂ ಇಲ್ಲದ ಹಾಗೆ.

ಅರ್ಧ ಎಚ್ಚರದ ಶಿಫ್ಟರ್ ಏನು ಮಾಡಿತು? ತಾನೇ ದಿಕ್ಕು ಹುಡುಕುವ ಚಿಪ್ಪಿನಲ್ಲಿ ಪ್ರತಿ ಏರು-ಇಳಿವಿಗೂ ಒಂದು ಸಣ್ಣ ತಳ್ಳು ಕೊಡುವ ಸರ್ಕ್ಯೂಟ್ ಇರುತ್ತದೆ. ಒನ್-ಶಾಟ್ ಅನ್ನುತ್ತಾರೆ. ಸಪ್ಲೈ ಅಲ್ಲಾಡಿದಾಗ ಬಂದ ಗಲೀಜನ್ನೇ ಅದು ಸಿಗ್ನಲ್ ಎಂದುಕೊಂಡು ತಳ್ಳಿತು. ಮೋಡೆಮ್‌ನ ಮಾತು ಬರುವ ಕಂಟ್ರೋಲರ್‌ನ ಆರ್‌ಎಕ್ಸ್ ಪಿನ್ನಿಗೆ ಕಸದ ಅಕ್ಷರಗಳು ಬಂದವು. ಅದು ಸಣ್ಣ ತೊಂದರೆ. ದೊಡ್ಡದು ಸ್ಟೇಟಸ್ ಸಿಗ್ನಲ್. ಮೋಡೆಮ್ ಎದ್ದಿದೆಯೋ ಇಲ್ಲವೋ ಅಂತ ಕಂಟ್ರೋಲರ್‌ಗೆ ಹೇಳುವ ಲೈನ್ ಕೂಡ ಇದೇ ಶಿಫ್ಟರ್ ದಾಟಿ ಬರುತ್ತಿತ್ತು. 3.3 ಕಡೆ ಅದಕ್ಕೊಂದು 10 ಕಿಲೋಓಮ್ ಪುಲ್-ಅಪ್, ಅಂದರೆ ಲೈನನ್ನು ಮೇಲಿನ ಲೆವೆಲ್‌ಗೆ ಎಳೆದಿಡುವ ರೆಸಿಸ್ಟರ್, ಇತ್ತು. ಶಿಫ್ಟರ್ ಕೈಬಿಟ್ಟಾಗ ಆ ಪುಲ್-ಅಪ್ ಲೈನನ್ನು ಮೇಲಕ್ಕೆ ಎಳೆಯಿತು. ಮೋಡೆಮ್ ಸತ್ತಿದೆ, ಸ್ಟೇಟಸ್ ಮಾತ್ರ ಬದುಕಿದೆ ಅನ್ನುತ್ತಿದೆ.

ಸಾಫ್ಟ್‌ವೇರ್ ಮದ್ದು ಯಾಕೆ ಹಿಡಿಯಲಿಲ್ಲ ಅನ್ನುವುದು ಇಲ್ಲಿ ಬಿಡಿಸಿಕೊಂಡಿತು. ಪವರ್-ಕೀ ಒಂದು ಟಾಗಲ್. ಆನ್ ಇದ್ದರೆ ಆಫ್ ಮಾಡುತ್ತದೆ, ಆಫ್ ಇದ್ದರೆ ಆನ್ ಮಾಡುತ್ತದೆ. ಸ್ಟೇಟಸ್ ನಂಬಿದ ಕಂಟ್ರೋಲರ್ ಆಫ್ ಮಾಡಲೆಂದು ಒತ್ತಿದ ಮೊದಲ ಒತ್ತು ಮೋಡೆಮನ್ನು ಎಬ್ಬಿಸಿತು. ಆನ್ ಮಾಡಲೆಂದು ಒತ್ತಿದ ಎರಡನೆಯದು ಅದನ್ನು ಮತ್ತೆ ಮಲಗಿಸಿತು. ಇದು ಗಂಟೆಗಟ್ಟಲೆ ನಡೆಯುತ್ತಿತ್ತು. ಕೆಲವು ಬಾಕ್ಸ್‌ಗಳಲ್ಲಿ ಕಳ್ಳ ಕರೆಂಟಿನಿಂದಾಗಿ ಮೋಡೆಮ್‌ಗೆ ಸರಿಯಾದ ರೀಸೆಟ್ ಸಿಗದೆ ಒತ್ತಿಗೂ ಏಳುತ್ತಿರಲಿಲ್ಲ. ಮೇನ್ ಸ್ವಿಚ್ ಆಫ್ ಮಾಡಿದಾಗ ಕಂಟ್ರೋಲರ್ ಕೂಡ ಸಾಯುತ್ತದೆ, ಕಳ್ಳ ಕರೆಂಟ್ ನಿಲ್ಲುತ್ತದೆ, ಆಮೇಲೆ ಎಲ್ಲ ಸರಿ. ರೈತರ ಮದ್ದು ಕೆಲಸ ಮಾಡುತ್ತಿದ್ದುದು ಇದಕ್ಕೆ.

ಮಾಸ್‌ಫೆಟ್ ಅಡ್ಡದಾರಿ

ತಂಡದ ಒಬ್ಬ ಎಂಜಿನಿಯರ್ ಹೇಳಿದ್ದು ತರ್ಕಕ್ಕೆ ಸರಿಯಾಗಿಯೇ ಇತ್ತು: "ಸಾರ್, ಈ ಚಿಪ್ಪೇ ಬೇಡ. ಬಿಎಸ್‌ಎಸ್138 ಒಂದು, ಎರಡು ರೆಸಿಸ್ಟರ್, ಮುಗಿದೇ ಹೋಯ್ತು." ಬಿಎಸ್‌ಎಸ್138 ಅಂದರೆ ಒಂದು ಸಣ್ಣ ಮಾಸ್‌ಫೆಟ್, ಗೇಟ್ ಪಿನ್ನಿನ ವೋಲ್ಟೇಜಿನಿಂದ ತೆರೆದು ಮುಚ್ಚುವ ಸ್ವಿಚ್. ಹವ್ಯಾಸಿಗಳ ಬೋರ್ಡುಗಳಲ್ಲೆಲ್ಲ ಇರುವ ಶಿಫ್ಟರ್ ಅದು. ಗೇಟ್ 1.8ಕ್ಕೆ, ಸೋರ್ಸ್ ಮೋಡೆಮ್ ಕಡೆ, ಡ್ರೈನ್ ಕಂಟ್ರೋಲರ್ ಕಡೆ. 1.8 ಸತ್ತರೆ ಮಾಸ್‌ಫೆಟ್ ಮುಚ್ಚಿಕೊಳ್ಳುತ್ತದೆ, 3.3 ಕಡೆಯಿಂದ ಏನೂ ನುಗ್ಗುವುದಿಲ್ಲ. ಮೇಜಿನ ಮೇಲೆ ಚೆನ್ನಾಗಿ ಓಡಿತು. ಕೆಲವನ್ನು ತೋಟಕ್ಕೂ ಕಳಿಸಿದರು.

ಚಳಿಗಾಲದ ಬೆಳಗಿನ ಜಾವ ಅದರಲ್ಲಿ ಕೆಲವು ಮೋಡೆಮ್‌ಗಳು ಕಮಾಂಡ್ ಅರ್ಥವಾಗಲಿಲ್ಲ ಅನ್ನಲು ಶುರುಮಾಡಿದವು.

ಲೆಕ್ಕ ಹಾಕಿ ನೋಡಿದರೆ ಇದು ಮೊದಲೇ ಕಾಣಬೇಕಾಗಿದ್ದ ವಿಷಯ. ಬಿಎಸ್‌ಎಸ್138ರ ತ್ರೆಶೋಲ್ಡ್, ಅಂದರೆ ಅದು ತೆರೆಯಲು ಶುರುವಾಗುವ ಗೇಟ್ ವೋಲ್ಟೇಜ್, 0.8ರಿಂದ 1.5 ವೋಲ್ಟ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು. ಕಂಟ್ರೋಲರ್ ತನ್ನ ಕಡೆ ಲೈನನ್ನು ಸೊನ್ನೆಗೆ ಎಳೆದಾಗ ಮೊದಲು ನಡೆಯುವುದು ಮಾಸ್‌ಫೆಟ್‌ನ ಒಳಗಿನ ಡಯೋಡ್. ಅದು ಮೋಡೆಮ್ ಕಡೆಯ ಲೈನನ್ನು ಸುಮಾರು 0.6ಕ್ಕೆ ಇಳಿಸಿ ನಿಲ್ಲಿಸುತ್ತದೆ. ಆಗ ಗೇಟ್ ಮತ್ತು ಸೋರ್ಸ್ ನಡುವೆ ಉಳಿಯುವುದು 1.2 ವೋಲ್ಟ್. ಈ ತುಂಡಿನ ತ್ರೆಶೋಲ್ಡ್ 1.0 ಇದ್ದರೆ ಮಾಸ್‌ಫೆಟ್ ತೆರೆದುಕೊಂಡು ಲೈನನ್ನು ಸೊನ್ನೆಗೆ ತರುತ್ತದೆ. 1.4 ಇದ್ದರೆ ಸರಿಯಾಗಿ ತೆರೆಯುವುದಿಲ್ಲ, ಲೈನ್ 0.6ರಲ್ಲೇ ನೇತಾಡುತ್ತದೆ. 1.8 ವೋಲ್ಟಿನ ಪಿನ್ ಲೋ ಅಂತ ಒಪ್ಪುವ ಗಡಿ 35 ಶೇಕಡಾ, ಅಂದರೆ 0.63. ಉಳಿದ ಅಂತರ ಕೂದಲಿನಷ್ಟು. ಚಳಿಯಲ್ಲಿ ಡಯೋಡಿನ ವೋಲ್ಟೇಜೂ ಏರುತ್ತದೆ, ತ್ರೆಶೋಲ್ಡೂ ಏರುತ್ತದೆ, ಎರಡೂ ಡಿಗ್ರಿಗೆ ಹೆಚ್ಚುಕಡಿಮೆ 2 ಮಿಲಿವೋಲ್ಟ್. ಇದರ ಜೊತೆ 1.8ರ ಸಪ್ಲೈ 2ಜಿ ಸರದಿಯಲ್ಲಿ ಒಂದಿಷ್ಟು ಕುಗ್ಗಿದರೆ ಆ ಕೂದಲೂ ಇಲ್ಲ.

3.3ರಿಂದ 5ಕ್ಕೆ ಹೋಗುವಾಗ ಬಿಎಸ್‌ಎಸ್138 ಒಳ್ಳೆಯ ಆಯ್ಕೆ. ಗೇಟಿಗೆ 3.3 ಸಿಗುತ್ತದೆ, ಎಂಥ ತುಂಡಾದರೂ ತೆರೆಯುತ್ತದೆ. 1.8ಕ್ಕೆ ಅದನ್ನು ಹಾಕಬಾರದು ಅಂತ ನನ್ನ ಅಭಿಪ್ರಾಯ, ಅದರಲ್ಲೂ ಸಪ್ಲೈ ಅಲ್ಲಾಡುವ ಕಡೆ. ಇನ್ನೂ ಕಡಿಮೆ ತ್ರೆಶೋಲ್ಡಿನ ಮಾಸ್‌ಫೆಟ್ ಹುಡುಕಬಹುದಿತ್ತು. ಆದರೆ ಬಿಡಿಭಾಗ ಸಿಗದಿದ್ದಾಗ ಖರೀದಿ ವಿಭಾಗದವರು ಮತ್ತೆ ಬಿಎಸ್‌ಎಸ್138 ತಂದು ಹಾಕುವುದು ಖಂಡಿತ ಅಂತ ಎಲ್ಲರಿಗೂ ಗೊತ್ತಿತ್ತು.

ಕೊನೆಗೆ ನಿಂತ ಡಿಸೈನ್

ಇಲ್ಲಿ ತೆಗೆದುಕೊಂಡ ಮುಖ್ಯ ತೀರ್ಮಾನ, ತಾನೇ ದಿಕ್ಕು ಹುಡುಕುವ ಚಿಪ್ ಬಿಡುವುದು. ಸೀರಿಯಲ್ ಲೈನ್‌ಗಳಿಗೆ ದಿಕ್ಕು ಮೊದಲೇ ಗೊತ್ತು. ಟಿಎಕ್ಸ್ ಯಾವತ್ತೂ ಆ ಕಡೆ, ಆರ್‌ಎಕ್ಸ್ ಯಾವತ್ತೂ ಈ ಕಡೆ. ಗೊತ್ತಿರುವುದನ್ನು ಚಿಪ್ ಊಹಿಸಬೇಕಾಗಿಲ್ಲ. 74ಎವಿಸಿ4ಟಿ245 ಜಾತಿಯದ್ದನ್ನು ಹಾಕಿದೆವು. ನಾಲ್ಕು ಲೈನ್, ಎರಡೆರಡರ ಎರಡು ಗುಂಪು, ಪ್ರತಿ ಗುಂಪಿಗೂ ಬೇರೆ ದಿಕ್ಕಿನ ಪಿನ್, ಬೇರೆ ಎನೇಬಲ್. ಸಪ್ಲೈ ಸೊನ್ನೆಯಾದರೆ ಪಿನ್‌ಗಳ ಮೂಲಕ ಹಿಂದಕ್ಕೆ ಕರೆಂಟ್ ಹರಿಯದಂತೆ ತಡೆಯುವ ಏರ್ಪಾಡೂ ಇದೆ. ಡೇಟಾಶೀಟಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿರುತ್ತಾರೆ. ಆದರೆ ಆ ಮಾತು ನಿಜವಾಗುವುದು ಸಪ್ಲೈ ನಿಜಕ್ಕೂ ಸೊನ್ನೆಯಾದಾಗ. 0.85ಕ್ಕೆ ಅದರ ಭರವಸೆ ಇಲ್ಲ. ಹಾಗಾಗಿ ಚಿಪ್ ಬದಲಿಸಿದರಷ್ಟೇ ಸಾಲದು.

ಎರಡನೆಯ ತೀರ್ಮಾನ ಡ್ರಾಯಿಂಗ್ ನೋಡುವಾಗ ಸಣ್ಣದಾಗಿ ಕಾಣುತ್ತದೆ. ಈ ಚಿಪ್ಪಿನಲ್ಲಿ ದಿಕ್ಕು ಮತ್ತು ಎನೇಬಲ್ ಪಿನ್‌ಗಳು ಕೇಳುವುದು ಎ ಕಡೆಯ ಸಪ್ಲೈ ಮಾತನ್ನು. ಮೊದಲ ಡ್ರಾಯಿಂಗ್‌ನಲ್ಲಿ ಎ ಕಡೆಗೆ 1.8 ಕೊಟ್ಟಿದ್ದರು. ತಿರುಗಿಸಿದೆವು. ಎ ಕಡೆಗೆ 3.3, ಬಿ ಕಡೆಗೆ 1.8. ಕೊನೆಯವರೆಗೆ ಬದುಕಿರುವ ಸಪ್ಲೈ ಯಾವುದೋ, ಮುಚ್ಚುವ ಅಧಿಕಾರ ಅದರ ಕೈಯಲ್ಲಿರಬೇಕು.

ಎನೇಬಲ್ ಪಿನ್ ಲೋ ಆದಾಗ ತೆರೆಯುವಂಥದ್ದು. ಅದಕ್ಕೆ 3.3ಕ್ಕೆ ಒಂದು ಪುಲ್-ಅಪ್ ಹಾಕಿದೆವು. ಅಂದರೆ ಯಾರೂ ಏನೂ ಮಾಡದಿದ್ದರೆ ಶಿಫ್ಟರ್ ಮುಚ್ಚಿರುತ್ತದೆ. 1.8ನ್ನು ಕಾಯಲು ಒಂದು ವೋಲ್ಟೇಜ್ ಸೂಪರ್‌ವೈಸರ್ ಚಿಪ್ ಇಟ್ಟೆವು. ಅದು ಓಡುವುದು 3.3ರಲ್ಲಿ, ನೋಡುವುದು 1.8ನ್ನು. 1.65 ದಾಟಿ ಸ್ವಲ್ಪ ಹೊತ್ತು ನಿಂತರೆ ಮಾತ್ರ ಒಂದು ಸಣ್ಣ ಮಾಸ್‌ಫೆಟ್ ಮೂಲಕ ಎನೇಬಲನ್ನು ಕೆಳಗೆ ಎಳೆಯುತ್ತದೆ. ಅದೇ ಸೂಪರ್‌ವೈಸರ್‌ನ ಔಟ್‌ಪುಟ್ ಕಂಟ್ರೋಲರ್‌ಗೂ ಹೋಯಿತು. ಮೋಡೆಮ್ ಎದ್ದಿದೆಯೇ ಅನ್ನುವುದಕ್ಕೆ ಈಗ ಅದೇ ಸಾಕ್ಷಿ. ಶಿಫ್ಟರ್ ದಾಟಿ ಬರುವ ಸ್ಟೇಟಸ್ ಲೈನನ್ನು ತೆಗೆದೇ ಹಾಕಿದೆವು.

ಶಿಫ್ಟರ್ ಮುಚ್ಚಿದಾಗ ಅದರ ಔಟ್‌ಪುಟ್ ಲೈನ್‌ಗಳು ಹೈಯೂ ಅಲ್ಲದೆ ಲೋವೂ ಅಲ್ಲದೆ ತೇಲುತ್ತವೆ. ಕಂಟ್ರೋಲರ್‌ನ ಆರ್‌ಎಕ್ಸ್ ತೇಲಿದರೆ ಮತ್ತೆ ಕಸ ಬರುತ್ತದೆ. ಅದಕ್ಕೆ 100 ಕಿಲೋಓಮ್ ಪುಲ್-ಅಪ್ ಹಾಕಿದೆವು. ಸೀರಿಯಲ್ ಲೈನ್ ಸುಮ್ನಿರುವ ಲೆವೆಲ್ ಅದೇ ಆದ್ದರಿಂದ ಯಾವ ಗೊಂದಲವೂ ಇಲ್ಲ. ಡಿಟಿಆರ್‌ನ ರೆಸಿಸ್ಟರ್ ಜೋಡಿ ಹೋಯಿತು. ಬಾಕ್ಸಿಗೆ ನಿದ್ದೆಯ ಮೋಡೇ ಬೇಕಿರಲಿಲ್ಲ, ಮೇನ್ಸಿನಲ್ಲಿ ಓಡುವ ಸಾಧನ ಅಲ್ವಾ? ಎರಡೂ ಸಪ್ಲೈ ಪಿನ್‌ಗಳ ಪಕ್ಕದಲ್ಲೇ ತಲಾ 100 ನ್ಯಾನೋಫ್ಯಾರಡ್ ಇಟ್ಟೆವು. ಹಳೆ ಬೋರ್ಡಿನಲ್ಲಿ 1.8ರದ್ದು ಚಿಪ್ಪಿನಿಂದ ದೂರದಲ್ಲಿ, ಮೋಡೆಮ್ ಪಕ್ಕದಲ್ಲಿತ್ತು.

ಇನ್ನು ಸಪ್ಲೈ. ಮೋಡೆಮ್‌ನ 3.8 ರೆಗ್ಯುಲೇಟರ್‌ನ ಆನ್-ಆಫ್ ಪಿನ್ನನ್ನು ಕಂಟ್ರೋಲರ್ ಕೈಗೆ ಕೊಟ್ಟೆವು. ಆಫ್ ಮಾಡಿದಾಗ ಆ 2200 ಮೈಕ್ರೋಫ್ಯಾರಡ್ ತಾನಾಗಿ ಬೇಗ ಖಾಲಿಯಾಗುವುದಿಲ್ಲ. ಅದಕ್ಕೆ ಒಂದು ಮಾಸ್‌ಫೆಟ್ ಮತ್ತು 100 ಓಮ್ ರೆಸಿಸ್ಟರ್. ಗುಣಿಸಿದರೆ 0.22 ಸೆಕೆಂಡ್, ಅದರ 5 ಪಟ್ಟು ಕಾದರೆ ಸಪ್ಲೈ ಹೆಚ್ಚುಕಡಿಮೆ ಸೊನ್ನೆ. ಸಾಫ್ಟ್‌ವೇರ್ 2 ಸೆಕೆಂಡ್ ಕಾಯುತ್ತದೆ. ಪವರ್-ಕೀ ಈಗ ಎಬ್ಬಿಸಲು ಮಾತ್ರ. ಆಫ್ ಮಾಡಬೇಕಾದರೆ ಮೋಡೆಮ್‌ಗೆ ಕಮಾಂಡ್ ಕೊಟ್ಟು, ಅದು ಕೇಳದಿದ್ದರೆ ಸಪ್ಲೈಯನ್ನೇ ಕತ್ತರಿಸುವುದು. ಟಾಗಲ್ ಗೊಂದಲ ಅಲ್ಲಿಗೆ ಮುಗಿಯಿತು.

ಎಲ್ಲಕ್ಕಿಂತ ಅಗ್ಗದ ಬದಲಾವಣೆ ಒಂದು ಟೈಮರ್. ಕರೆಂಟ್ ಬಂದ ತಕ್ಷಣ ಮೆಸೇಜ್ ಕಳಿಸುವುದನ್ನು ನಿಲ್ಲಿಸಿದರು. ಫೇಸ್ ವೋಲ್ಟೇಜ್ ನೆಲೆ ನಿಂತ ಮೇಲೆ, ಮೋಟರ್ ಓಟ ಹಿಡಿದ ಮೇಲೆ ಕಳಿಸುತ್ತದೆ. ಕೆಲವು ಸೆಕೆಂಡ್ ತಡವಾದ ಮೆಸೇಜನ್ನು ಯಾವ ರೈತರೂ ಗಮನಿಸಲಿಲ್ಲ. ಇದೊಂದನ್ನೇ ಮೊದಲು ಮಾಡಿದ್ದರೆ ದೂರುಗಳು ಬಹಳ ಕಡಿಮೆಯಾಗುತ್ತಿದ್ದವು. ಆದರೆ ಮೂಲ ತಪ್ಪು ಹಾಗೇ ಉಳಿದು, ಸಿಂಗಲ್ ಫೇಸ್‌ನಲ್ಲಿ ಕಂಡೆನ್ಸರ್ ಹಾಕಿ ಮೋಟರ್ ಓಡಿಸುವ ತೋಟದಲ್ಲೋ ಇನ್ನೆಲ್ಲೋ ಮತ್ತೆ ತಲೆ ಎತ್ತುತ್ತಿತ್ತು.

ಪರೀಕ್ಷೆ ಬದಲಾದ ರೀತಿ

ಹೊಸ ಬೋರ್ಡಿಗೆ ತಂಡ ಒಂದು ಹೊಸ ಪರೀಕ್ಷೆ ಸೇರಿಸಿಕೊಂಡಿತು. 5 ವೋಲ್ಟಿನ ಜಾಗಕ್ಕೆ ಪ್ರೋಗ್ರಾಮ್ ಮಾಡಬಹುದಾದ ಸಪ್ಲೈ ಕಟ್ಟಿ, 5ರಿಂದ 3ಕ್ಕೆ ನಿಧಾನ ಇಳಿಸುತ್ತಾ, ಪ್ರತಿ ಮೆಟ್ಟಿಲಿನಲ್ಲೂ ನಿಂತು, ಮತ್ತೆ ಏರಿಸುವುದು. ಮೋಡೆಮ್ 2ಜಿಯಲ್ಲಿ ಮೆಸೇಜ್ ಕಳಿಸುತ್ತಲೇ ಇರಬೇಕು. ಮೋಡೆಮ್ ಸತ್ತು ಕಂಟ್ರೋಲರ್ ಬದುಕಿರುವ ಪಟ್ಟಿಯಲ್ಲಿ 1.8ರ ಸಪ್ಲೈ 0.2ರ ಕೆಳಗೆ ಹೋಗದಿದ್ದರೆ ಬೋರ್ಡು ಫೇಲ್. ಅಂಥ ಬೋರ್ಡಿನ ಮೋಡೆಮ್ ಆಮೇಲೆ ವಾಪಸ್ ಎದ್ದು ಫೋನ್ ಎತ್ತಿದರೂ ಫೇಲ್ ಅಂತಲೇ ಬರೆಯಬೇಕು. ಈ ಕೊನೆಯ ಷರತ್ತಿಗೆ ಸ್ವಲ್ಪ ವಾದ ನಡೆಯಿತು. ಕೆಲಸ ಮಾಡುತ್ತಿರುವ ಬೋರ್ಡನ್ನು ಫೇಲ್ ಅನ್ನುವುದು ಹೇಗೆ ಅಂತ ಪ್ರೊಡಕ್ಷನ್‌ನವರ ಪ್ರಶ್ನೆ. ಮೇಜಿನ ಮೇಲಿನ ಒಂದು ಬೋರ್ಡು ಎದ್ದಿತೆಂದರೆ ತೋಟದಲ್ಲಿರುವ ಎಲ್ಲವೂ ಏಳುತ್ತವೆ ಎಂದಲ್ಲ. ಕಳ್ಳ ಕರೆಂಟ್ ಇದೆಯೇ ಇಲ್ಲವೇ ಅನ್ನುವುದನ್ನು ಮಾತ್ರ ಮೀಟರ್ ಖಚಿತವಾಗಿ ಹೇಳುತ್ತದೆ. ಕೊನೆಗೆ ಷರತ್ತು ಉಳಿಯಿತು.

ಇದೇ ಪರೀಕ್ಷೆ ಇನ್ನೊಂದು ತಪ್ಪನ್ನೂ ಹಿಡಿಯಿತು. 3.3 ಕೂಡ ಕುಸಿಯುವ ಹೊತ್ತಿನಲ್ಲಿ ಕಂಟ್ರೋಲರ್ 2.7ರ ಕೆಳಗೂ ಓಡಲು ನೋಡುತ್ತಿತ್ತು. ಸಪ್ಲೈ ಕುಸಿದಾಗ ಅದನ್ನು ನಿಲ್ಲಿಸುವ ಬ್ರೌನ್-ಔಟ್ ರೀಸೆಟ್ಟನ್ನು ಕೆಳಗಿನ ಗಡಿಗೆ ಇಟ್ಟಿದ್ದರು. 2.7ಕ್ಕೆ ಏರಿಸಿದೆವು. ರೀಸೆಟ್‌ನಲ್ಲಿ ಕಂಟ್ರೋಲರ್‌ನ ಪಿನ್‌ಗಳೆಲ್ಲ ತೇಲುತ್ತವೆ, ರಿಲೇ ಡ್ರೈವರ್‌ನ ಇನ್‌ಪುಟ್‌ಗೆ ಪುಲ್-ಡೌನ್ ಇದ್ದುದರಿಂದ ಮೋಟರ್ ಆಫ್ ಕಡೆಗೇ ನಿಲ್ಲುತ್ತದೆ. ಇದನ್ನೂ ಡಿಮ್ಮರ್‌ಸ್ಟ್ಯಾಟ್ ತಿರುಗಿಸಿ ಕಣ್ಣಾರೆ ನೋಡಿಯೇ ಮುಂದಕ್ಕೆ ಹೋದೆವು.

ಹಳೆ ಬಾಕ್ಸ್‌ಗಳು

ಆಗಲೇ ತೋಟಗಳಲ್ಲಿದ್ದವನ್ನು ಏನು ಮಾಡುವುದು? ಶಿಫ್ಟರ್ ಚಿಪ್ ಬದಲಿಸಲು ಆಗುವುದಿಲ್ಲ, ಪಿನ್‌ಗಳ ಜೋಡಣೆಯೇ ಬೇರೆ. ಆದರೆ ತೊಂದರೆಯ ದೊಡ್ಡ ಪಾಲು ಇದ್ದುದು ಮೂರು ಕಡೆ. ಡಿಟಿಆರ್‌ನ 3.3 ಕಡೆಯ ರೆಸಿಸ್ಟರನ್ನು ಬೆಸುಗೆ ಬಿಚ್ಚಿ ತೆಗೆದರು. ಸ್ಟೇಟಸ್ ಲೈನಿನ ಪುಲ್-ಅಪ್ ಕಿತ್ತು ಅದೇ ಬೆಲೆಯದ್ದನ್ನು ಗ್ರೌಂಡ್ ಕಡೆಗೆ ಹಾಕಿದರು. 3.8 ರೆಗ್ಯುಲೇಟರ್‌ನ ಆನ್-ಆಫ್ ಪಿನ್ನಿಗೆ ಕಂಟ್ರೋಲರ್‌ನ ಖಾಲಿ ಪಿನ್ನಿನಿಂದ ಒಂದು ಜಂಪರ್ ವೈರ್ ಎಳೆದರು. ಹೊಸ ಸಾಫ್ಟ್‌ವೇರ್ ಮೋಡೆಮ್ ಬದುಕಿದೆಯೇ ಎಂದು ಎಟಿ ಉತ್ತರದಿಂದ ಮಾತ್ರ ತೀರ್ಮಾನಿಸುತ್ತದೆ. ಉತ್ತರವಿಲ್ಲದಿದ್ದರೆ ಮೊದಲು ತನ್ನ ಟಿಎಕ್ಸ್, ಆರ್‌ಟಿಎಸ್ (ಮೋಡೆಮ್ ಕಡೆಗೆ ಹೋಗುವ ಇನ್ನೊಂದು ಸೀರಿಯಲ್ ಲೈನ್) ಪಿನ್‌ಗಳನ್ನು ಕೆಳಗೆ ಎಳೆದು, ಸಪ್ಲೈ ಕತ್ತರಿಸಿ, ಹಳೆ ಬೋರ್ಡಿನಲ್ಲಿ ಕೆಪಾಸಿಟರ್ ಖಾಲಿ ಮಾಡುವ ರೆಸಿಸ್ಟರ್ ಇಲ್ಲದ ಕಾರಣ ಜಾಸ್ತಿ ಹೊತ್ತು ಕಾದು, ಆಮೇಲೆ ಎಬ್ಬಿಸುತ್ತದೆ.

ಬೋರ್ಡು ವಾಪಸ್ ತರಿಸುವ ಕ್ರಮವನ್ನು ದೂರು ಬಂದ ಪ್ರಕಾರ ಇಡಲಿಲ್ಲ. ಸರ್ವಿಸ್ ಹುಡುಗ ಟಿಸಿಯಿಂದ ತೋಟ ಎಷ್ಟು ದೂರ ಅಂತ ತನಗೆ ಗೊತ್ತಿದ್ದ ಮಟ್ಟಿಗೆ ಪಟ್ಟಿ ಮಾಡಿದ. ಲೈನಿನ ಕೊನೆಯ ತೋಟಗಳಿಂದ ಶುರುಮಾಡಿದರು, ಅದರಲ್ಲಿ ಇನ್ನೂ ದೂರು ಹೇಳದವರೂ ಇದ್ದರು.